ಮ್ಯಾಪ್ ನೋಡುವುದು ಮನೆಯಲ್ಲಿ, ಕೇಳುವುದು ರಸ್ತೆಯಲ್ಲಿ: ಕಾರಿನಲ್ಲಿ ಜಿಪಿಎಸ್ ಬಳಸುವ ಬಗೆ

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಕಡೆ ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕಾರೊಂದು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಮೊದಲೇ ನೆರೆಗೆ ಕೊಚ್ಚಿಹೋಗಿತ್ತು. ಫೋನಿನ ಮ್ಯಾಪ್‌ನಲ್ಲಿ ಮಾತ್ರ ಅದು ಹಾಗೇ ಉಳಿದಿತ್ತು. ಮರುತಿಂಗಳು ನಮ್ಮ ಕಡೆಯೇ ಇನ್ನೊಂದು ಸುದ್ದಿ. ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ಮ್ಯಾಪ್ ತೋರಿಸಿದ ದಾರಿ ಹಿಡಿದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನೊಳಗೆ ಹೋಗಿ ರಾತ್ರಿ ಸಿಕ್ಕಿಕೊಂಡಿತು. ನೆಟ್‌ವರ್ಕ್ ಸಿಗುವವರೆಗೆ ಸುಮಾರು 4 ಕಿ.ಮೀ. ನಡೆದು 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಕರೆದೊಯ್ದರು.

ಎರಡು ಕಡೆಯೂ ಕಾರು ಎಲ್ಲಿದೆ ಅನ್ನುವುದು ಫೋನಿಗೆ ಗೊತ್ತಿತ್ತು. ಮುಂದಿನ ರಸ್ತೆ ಹೇಗಿದೆ ಅನ್ನುವುದು ಗೊತ್ತಿರಲಿಲ್ಲ. ಈ ಎರಡು ಬೇರೆ ಬೇರೆ ವಿಷಯ. ಇದು ಮನಸ್ಸಿನಲ್ಲಿದ್ದರೆ ಜಿಪಿಎಸ್ ಯಾವಾಗ ನಂಬಬೇಕು, ಯಾವಾಗ ನಿಲ್ಲಿಸಿ ಕೇಳಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ನಾನಿಲ್ಲಿ ಉದಾಹರಣೆಗೆ ಒಂದೇ ದಾರಿ ಇಟ್ಟುಕೊಂಡಿದ್ದೇನೆ: ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸ, ಹೊರನಾಡು. ಹೆದ್ದಾರಿ, ಊರೊಳಗಿನ ರಸ್ತೆ, ಬೆಟ್ಟದ ತಿರುವು, ನೆಟ್‌ವರ್ಕ್ ಇಲ್ಲದ ಜಾಗ, ಎಲ್ಲವೂ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ಉಪಗ್ರಹದ ಕೆಲಸ ಎಲ್ಲಿಗೆ ಮುಗಿಯುತ್ತದೆ

ಜಿಪಿಎಸ್ ಅಮೆರಿಕದ ವ್ಯವಸ್ಥೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಅದರ ಉಪಗ್ರಹಗಳು ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಅಂತ ಬಿಡದೆ ಹೇಳುತ್ತಲೇ ಇರುತ್ತವೆ. ಫೋನು ಅದನ್ನು ಕೇಳಿಸಿಕೊಂಡು, ಯಾವ ಸಿಗ್ನಲ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ ತನ್ನ ಜಾಗ ಕಂಡುಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಕಾಣಿಸಬೇಕು. ಈಗಿನ ಫೋನುಗಳು ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೇಯ್ಡೋ ಉಪಗ್ರಹಗಳನ್ನೂ ಬಳಸಿಕೊಳ್ಳುತ್ತವೆ. ನಮ್ಮ ಇಸ್ರೋದ ನಾವಿಕ್ ಕೂಡ ಕೆಲವು ಫೋನುಗಳಲ್ಲಿದೆ. ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿ. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸಾಮಾನ್ಯ ಫೋನುಗಳಿಗೆ ಹೊಂದುವ ಎಲ್1 ಸಿಗ್ನಲ್ ಕೂಡ ಸೇರಿತು.

ಇಲ್ಲಿ ಗಮನಿಸಬೇಕಾದದ್ದು ಇದು: ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಅದಕ್ಕೆ ಇಂಟರ್ನೆಟ್ ಬೇಡ, ಡೇಟಾ ಬೇಡ, ಸಿಮ್ ಕೂಡ ಬೇಡ. ಆದರೆ ಮ್ಯಾಪ್ ಬರುವುದು ಇಂಟರ್ನೆಟ್‌ನಿಂದ. ಹಾಗಾಗಿ ಕೊಟ್ಟಿಗೆಹಾರ ದಾಟಿ ಸಿಗ್ನಲ್ ಹೋದಾಗ ಏನಾಗುತ್ತದೆ ಅಂದರೆ, ನೀಲಿ ಚುಕ್ಕೆ ಸರಿಯಾಗೇ ಓಡುತ್ತಿರುತ್ತದೆ, ಸುತ್ತಲಿನ ಪರದೆ ಬೂದು ಬಣ್ಣಕ್ಕೆ ತಿರುಗಿ ಖಾಲಿಯಾಗಿರುತ್ತದೆ. ಜನ ಇದನ್ನು ‘ಜಿಪಿಎಸ್ ಹೋಯ್ತು’ ಅನ್ನುತ್ತಾರೆ. ಹೋಗಿರುವುದು ಮ್ಯಾಪ್.

1. ಹೋಗುವ ಜಾಗವನ್ನು ಸರಿಯಾಗಿ ಹಾಕಿ

ದಾರಿ ತಪ್ಪುವುದು ಎಷ್ಟೋ ಸಲ ರಸ್ತೆಯಲ್ಲಲ್ಲ, ಹೆಸರು ಟೈಪ್ ಮಾಡುವಾಗಲೇ. ಹೊಸಹಳ್ಳಿ, ರಾಮಪುರ, ಶಿವಪುರ ಅಂತ ಕರ್ನಾಟಕದಲ್ಲಿ ಎಷ್ಟು ಊರುಗಳಿವೆ! ಹೆಸರಿನ ಜೊತೆ ತಾಲ್ಲೂಕನ್ನೂ ಹಾಕಿ ಹುಡುಕಿ. ಬಂದ ಫಲಿತಾಂಶದ ಜಿಲ್ಲೆ ನೋಡಿ. ದೂರ ನೋಡಿ. ಹೊರನಾಡಿಗೆ ಬೆಂಗಳೂರಿನಿಂದ ಮುನ್ನೂರು ಕಿ.ಮೀ. ಮೇಲೆ ಬರಬೇಕು. ಎಂಬತ್ತು ತೋರಿಸಿದರೆ ಅದು ಬೇರೆ ಯಾವುದೋ ಊರು.

ದೇವಸ್ಥಾನ, ಹೋಟೆಲ್ ಆದರೆ ಇಷ್ಟು ಸಾಕು. ನೆಂಟರ ತೋಟದ ಮನೆಗೆ ಹೊರಟಿದ್ದರೆ ಸಾಲದು. ಆಗ ಅವರಿಂದಲೇ ಲೊಕೇಶನ್ ತರಿಸಿಕೊಳ್ಳಿ. ಅದನ್ನೂ ಹೇಗೆ ಕಳಿಸಬೇಕು ಅಂತ ಹೇಳಿ ತರಿಸಿಕೊಳ್ಳಿ: ‘ಚಿಕ್ಕಪ್ಪ, ಮನೆ ಒಳಗಿಂದ ಕಳಿಸ್ಬೇಡಿ. ಗೇಟ್ ಹತ್ರ ಬಯಲಲ್ಲಿ ನಿಂತ್ಕೊಂಡು, ಒಂದು ನಿಮಿಷ ತಡೆದು ಕಳಿಸಿ.’

ಯಾಕೆ ಅಂದರೆ, ವಾಟ್ಸ್‌ಆ್ಯಪ್‌ನಲ್ಲಿ ಈಗಿರುವ ಲೊಕೇಶನ್ ಕಳಿಸಲು ಹೋದಾಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಷ್ಟು ಮೀಟರ್‌ವರೆಗೆ ನಿಖರ’ ಅಂತ ಇರುತ್ತದೆ. ಮನೆಯೊಳಗೆ ಕೂತಿದ್ದರೆ ಆ ಸಂಖ್ಯೆ ನೂರು, ಇನ್ನೂರು ಇರಬಹುದು. ಹೊರಗೆ ಬಂದು ನಿಂತರೆ ಒಂದೊಂದಾಗಿ ಇಳಿಯುತ್ತಾ ಹತ್ತು ಹದಿನೈದಕ್ಕೆ ಬರುತ್ತದೆ. ಆಗ ಕಳಿಸಬೇಕು. ಕಾಫಿ ತೋಟದಲ್ಲಿ ಇನ್ನೂರು ಮೀಟರ್ ಅಂದರೆ ಹಳ್ಳದ ಆಚೆ ದಡ.

ಗೇಟ್ ಅಂತ ಒತ್ತಿ ಹೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. ಮ್ಯಾಪ್ ನಿಮ್ಮನ್ನು ಮನೆ ಬಾಗಿಲಿಗೆ ಕರೆದೊಯ್ಯುವುದಿಲ್ಲ. ಪಿನ್‌ಗೆ ಹತ್ತಿರ ಇರುವ, ತನಗೆ ಗೊತ್ತಿರುವ ರಸ್ತೆಗೆ ಕರೆದೊಯ್ಯುತ್ತದೆ. ತೋಟದ ಸ್ವಂತ ರಸ್ತೆ ಮ್ಯಾಪ್‌ನಲ್ಲಿ ಇಲ್ಲದಿದ್ದರೆ, ಮನೆಯ ಹಿಂದೆ ಗುಡ್ಡದ ಮೇಲೆ ಹೋಗುವ ಬೇರೆ ರಸ್ತೆಯಲ್ಲಿ ನಿಲ್ಲಿಸಿ ‘ನೀವು ತಲುಪಿದ್ದೀರಿ’ ಅನ್ನುತ್ತದೆ. ಗೇಟಿನ ಪಿನ್ ಇದ್ದರೆ ಈ ತೊಂದರೆ ಬರುವುದು ಕಡಿಮೆ.

ವಾಟ್ಸ್‌ಆ್ಯಪ್ ಇಲ್ಲದವರಿಗೆ ಇನ್ನೆರಡು ದಾರಿ. ಗೂಗಲ್ ಮ್ಯಾಪ್ಸ್‌ನಲ್ಲಿ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಪ್ಲಸ್ ಕೋಡ್ (ಆ ಜಾಗಕ್ಕೆ ಗೂಗಲ್ ಕೊಡುವ ಪುಟ್ಟ ಗುರುತು) ಮತ್ತು ಅಕ್ಷಾಂಶ, ರೇಖಾಂಶದ ಸಂಖ್ಯೆಗಳು ಸಿಗುತ್ತವೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಕೂಡ ಇದೆ. ಅದು ಹತ್ತು ಅಕ್ಷರ, ಅಂಕಿಗಳ ಗುರುತು. ಸುಮಾರು 4 ಮೀಟರ್ ಉದ್ದಗಲದ ಚೌಕಕ್ಕೆ ಒಂದರಂತೆ ದೇಶವನ್ನೆಲ್ಲ ಹಂಚಿದ್ದಾರೆ. ಅಕ್ಷಾಂಶ, ರೇಖಾಂಶ ಫೋನಿನಲ್ಲಿ ಹೇಳಿ ಬರೆದುಕೊಂಡಿದ್ದರೆ ಒಮ್ಮೆ ಪರೀಕ್ಷೆ ಮಾಡಿ: ಕರ್ನಾಟಕದೊಳಗಿನ ಜಾಗವಾದರೆ ಮೊದಲ ಸಂಖ್ಯೆ 11ರಿಂದ 18ರೊಳಗೆ, ಎರಡನೆಯದು 74ರಿಂದ 78ರೊಳಗೆ ಶುರುವಾಗಬೇಕು. ಅದಲು ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚುಕ್ಕೆಯ ನಂತರ ಕನಿಷ್ಠ ನಾಲ್ಕು ಅಂಕಿ ಇರಲಿ. ನಾಲ್ಕನೇ ಅಂಕಿ ಸುಮಾರು 11 ಮೀಟರ್‌ಗೆ ಸಮ.

2. ಹಿಂದಿನ ರಾತ್ರಿ ಕೂತು ದಾರಿ ಓದಿ

ಈ ಹೆಜ್ಜೆ ಬಿಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಉಳಿದದ್ದೆಲ್ಲ ಬಿಟ್ಟರೂ ಹೇಗೋ ನಡೆಯುತ್ತದೆ, ಇದು ಬಿಟ್ಟರೆ ನಡೆಯುವುದಿಲ್ಲ.

ಮ್ಯಾಪ್ ತೆರೆದು ದಾರಿ ಹಾಕಿ. ಸ್ಟಾರ್ಟ್ ಒತ್ತಬೇಡಿ. ಸಾಮಾನ್ಯವಾಗಿ ಎರಡು ಮೂರು ದಾರಿ ತೋರಿಸುತ್ತದೆ. ಮೊದಲನೆಯದು ಬೇಗ ತಲುಪುವ ದಾರಿ. ಅದರ ಲೆಕ್ಕದಲ್ಲಿ ಐದು ನಿಮಿಷ ಉಳಿದರೂ ಉಳಿತಾಯವೇ. ಆ ಐದು ನಿಮಿಷಕ್ಕಾಗಿ ಹೆದ್ದಾರಿ ಬಿಡಿಸಿ ಹಳ್ಳಿಯೊಳಗಿನ ಒಂಟಿ ರಸ್ತೆಗೆ ಇಳಿಸಲೂ ಅದು ಹಿಂದೆಮುಂದೆ ನೋಡುವುದಿಲ್ಲ. ರಸ್ತೆ ಅಗಲ ಎಷ್ಟು, ಎದುರಿಗೆ ಟಿಪ್ಪರ್ ಬಂದರೆ ಸರಿಯಲು ಜಾಗ ಇದೆಯಾ, ಡಾಂಬರು ಎದ್ದಿದೆಯಾ, ಇದೆಲ್ಲ ಅದಕ್ಕೆ ಯಾವಾಗಲೂ ಗೊತ್ತಿರುವುದಿಲ್ಲ. ನಾಲ್ಕು ಚಕ್ರದ ವಾಹನಕ್ಕೆ ಕಿರಿದಾದ ರಸ್ತೆಯ ಎಚ್ಚರಿಕೆಯನ್ನು ಗೂಗಲ್ 2024ರಲ್ಲಿ ಭಾರತದ ಕೆಲವು ಊರುಗಳಲ್ಲಿ ಶುರು ಮಾಡಿತು. ಮಲೆನಾಡಿನ ಮೂಲೆಯಲ್ಲಿ ಅದನ್ನೇ ನಂಬಿಕೊಂಡು ಕೂರುವಂತಿಲ್ಲ.

ಹಾಗಾಗಿ ದಾರಿಯ ಮೇಲೆ ಬೆರಳಾಡಿಸಿ ಊರುಗಳ ಹೆಸರು ಒಂದೊಂದಾಗಿ ಓದಿ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಇವನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್‌ನಲ್ಲಿ ಇಡಿ. ನಾಳೆ ಮ್ಯಾಪ್ ಈ ಪಟ್ಟಿಯಲ್ಲಿ ಇಲ್ಲದ ಕಡೆ ತಿರುಗು ಅಂದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲೇ ನೋಡಿ, ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದಾಗ ಕಳಸಕ್ಕೆ ಬಲಕ್ಕೆ ಹೊರಳಬೇಕು. ಹೆದ್ದಾರಿ ಹಿಡಿದು ಮುಂದೆ ಹೋದರೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗುತ್ತೀರಿ. ಘಾಟಿಯಲ್ಲಿ ತಪ್ಪು ಗೊತ್ತಾದರೂ ಎಲ್ಲೆಂದರಲ್ಲಿ ಗಾಡಿ ತಿರುಗಿಸಲು ಆಗುವುದಿಲ್ಲ. ಚೀಟಿಯಲ್ಲಿ ‘ಕೊಟ್ಟಿಗೆಹಾರ – ಬಲಕ್ಕೆ’ ಅಂತ ಬರೆದಿದ್ದರೆ ಫೋನು ಕೈಕೊಟ್ಟರೂ ಚಿಂತೆಯಿಲ್ಲ.

ಮುಖ್ಯ ದಾರಿ ಒಪ್ಪಿಗೆಯಾದ ಮೇಲೆ, ಕೊನೆಯ ಐದಾರು ಕಿ.ಮೀ. ಮಾತ್ರ ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ ದೊಡ್ಡದು ಮಾಡಿ ನೋಡಿ. ಕಪ್ಪು ಡಾಂಬರು ಕಾಣುತ್ತದಾ, ಕೆಂಪು ಮಣ್ಣಾ? ಹಳ್ಳ ದಾಟುವಲ್ಲಿ ಸೇತುವೆ ಇದೆಯಾ, ಅಥವಾ ರಸ್ತೆ ನೀರಿಗೆ ಇಳಿದು ಆಚೆ ಹತ್ತುತ್ತದಾ? ಆ ಚಿತ್ರ ಹಳೆಯದಿರಬಹುದು, ಬೇಸಿಗೆಯಲ್ಲಿ ತೆಗೆದದ್ದಿರಬಹುದು. ಮಳೆಗಾಲದಲ್ಲಿ ಅದೇ ಜಾಗ ಹೇಗಿರುತ್ತದೆ ಅನ್ನುವುದನ್ನು ನೆಂಟರಿಗೆ ಫೋನ್ ಮಾಡಿ ಕೇಳಿ.

ಸೆಟ್ಟಿಂಗ್‌ನಲ್ಲಿ ಮೂರು ವಿಷಯ ನೋಡಿಕೊಳ್ಳಿ. ವಾಹನ ಕಾರು ಅಂತ ಇರಲಿ. ಬೈಕ್ ಮೋಡ್ ಹಾಕಿದರೆ ಅದು ಕಾರು ಹೋಗದ ಸಂದಿಯಲ್ಲೂ ನುಗ್ಗಿಸುತ್ತದೆ. ಬೈಕಿನವರು ಕಾರಿನ ಮೋಡ್‌ನಲ್ಲಿ ಹೋದರೆ ಅದಕ್ಕೆ ಉಲ್ಟಾ ತೊಂದರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಎರಡನೆಯದು, ಟೋಲ್ ತಪ್ಪಿಸು ಅನ್ನುವ ಆಯ್ಕೆ ಯಾವತ್ತೋ ಆನ್ ಮಾಡಿ ಮರೆತಿದ್ದರೆ ಆಫ್ ಮಾಡಿ. ನೂರಿನ್ನೂರು ರೂಪಾಯಿ ಉಳಿಸಲು ಅದು ಎಲ್ಲೆಲ್ಲೋ ಸುತ್ತಿಸುತ್ತದೆ. ಮೂರನೆಯದು, ಇಂಧನ ಉಳಿಸುವ ದಾರಿಗೆ ಆದ್ಯತೆ ಅಂತ ಇದ್ದರೆ ಗೊತ್ತಿಲ್ಲದ ಊರಿಗೆ ಹೋಗುವಾಗ ಅದನ್ನೂ ತೆಗೆಯುವುದು ನನ್ನ ಪದ್ಧತಿ.

ಕಾಡಿನ ರಸ್ತೆಯ ಸಮಯ

ಮ್ಯಾಪ್ ಹೇಳದೇ ಇರಬಹುದಾದ ಒಂದು ವಿಷಯ ಕರ್ನಾಟಕದಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಬಂಡೀಪುರದೊಳಗೆ ಹಾದುಹೋಗುವ ಊಟಿ ರಸ್ತೆ, ಸುಲ್ತಾನ್ ಬತ್ತೇರಿ ರಸ್ತೆ ಎರಡೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ. ನಾಗರಹೊಳೆ ಕಾಡಿನ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ಕ್ಕೇ ಬಂದ್. ನೀವು ಸಂಜೆ ನಾಲ್ಕಕ್ಕೆ ಬೆಂಗಳೂರಿನಿಂದ ಹೊರಟು, ಮ್ಯಾಪ್ ತೋರಿಸಿದ ಸಮಯ ನಂಬಿ ಗುಂಡ್ಲುಪೇಟೆ ದಾಟಿ ಚೆಕ್‌ಪೋಸ್ಟ್‌ಗೆ ಒಂಬತ್ತೂ ಕಾಲಿಗೆ ಹೋದರೆ ಬೆಳಗಿನವರೆಗೆ ಗೇಟ್ ತೆಗೆಯುವುದಿಲ್ಲ. ಊಟ, ಟೀ, ಟ್ರಾಫಿಕ್ ಎಲ್ಲ ಸೇರಿಸಿ ಒಂದೂವರೆ ಗಂಟೆ ಮೊದಲೇ ಅಲ್ಲಿರುವ ಹಾಗೆ ಲೆಕ್ಕ ಹಾಕಿ.

ಮಳೆಗಾಲದಲ್ಲಿ ಘಾಟಿಗಳದ್ದು ಬೇರೆಯೇ ಕಥೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಗಿತ್ತು. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಬಿಡುವುದಿಲ್ಲ. ಚಾರ್ಮಾಡಿಯಲ್ಲಿ ಮಳೆ ಜೋರಾದಾಗ ರಾತ್ರಿ ಸಂಚಾರಕ್ಕೆ ತಡೆ ಹಾಕುವುದುಂಟು. ಇಂಥ ಆದೇಶ ಹೊರಡಿಸುವುದು ಜಿಲ್ಲಾಡಳಿತ. ಅದು ಮ್ಯಾಪ್‌ಗೆ ತಲುಪುವ ಮೊದಲು ಆ ಜಿಲ್ಲೆಯ ಪೊಲೀಸರ, ಜಿಲ್ಲಾಧಿಕಾರಿ ಕಚೇರಿಯ ಪ್ರಕಟಣೆಯಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಗ್ಗೆ ಒಮ್ಮೆ ನೋಡಿಯೇ ಹೊರಡಿ.

3. ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ

ಮನೆಯ ವೈಫೈನಲ್ಲಿ ಇರುವಾಗಲೇ ಈ ಕೆಲಸ ಮುಗಿಸಿ. ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲ್ಗಡೆ ನಿಮ್ಮ ಫೋಟೊ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇಕಾದ ಭಾಗ ಚೌಕದೊಳಗೆ ಬರುವಂತೆ ಸರಿಸಿ ಡೌನ್‌ಲೋಡ್ ಒತ್ತಿ. ಹೊರಡುವ ಜಾಗದಿಂದ ತಲುಪುವ ಜಾಗದವರೆಗೆ ಇಡೀ ದಾರಿ ಆ ಚೌಕದಲ್ಲಿರಬೇಕು. ಒಂದರಲ್ಲಿ ಹಿಡಿಸದಿದ್ದರೆ ಎರಡು ಮಾಡಿ, ಅವು ಒಂದರ ಮೇಲೊಂದು ಸ್ವಲ್ಪ ಹಾಯ್ದಿರಲಿ. ಚೌಕ ಬಿಗಿಯಾಗಿ ಕತ್ತರಿಸಬೇಡಿ. ದಾರಿ ತಪ್ಪಿದಾಗ ಬೇಕಾಗುವುದು ಅಕ್ಕಪಕ್ಕದ ರಸ್ತೆಗಳೇ.

‘ಮನೆಯಲ್ಲೇ ಸ್ಟಾರ್ಟ್ ಒತ್ತಿ ಬಂದರೆ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುತ್ತೆ, ಅದಕ್ಯಾಕೆ ಇಳಿಸಬೇಕು?’ ಅಂತ ಕೇಳುವವರಿದ್ದಾರೆ. ತೋರಿಸುತ್ತದೆ, ನಿಜ. ಆದರೆ ಒಂದು ತಿರುವು ತಪ್ಪಿತು ಅಂದುಕೊಳ್ಳಿ. ಹೊಸ ದಾರಿ ಹುಡುಕಲು ಅದಕ್ಕೆ ಸುತ್ತಲಿನ ರಸ್ತೆಗಳ ಮಾಹಿತಿ ಬೇಕು. ಇಳಿಸಿಕೊಂಡಿಲ್ಲ, ನೆಟ್‌ವರ್ಕೂ ಇಲ್ಲ. ‘ರೀರೂಟಿಂಗ್’ ಅಂತ ತೋರಿಸುತ್ತಾ ಅಲ್ಲೇ ನಿಲ್ಲುತ್ತದೆ. ಆಫ್‌ಲೈನ್ ಮ್ಯಾಪ್ ಇದ್ದರೆ ಕಾರಿನ ದಾರಿ ಹೊಸದಾಗಿ ಹಾಕಿಕೊಡುತ್ತದೆ. ಟ್ರಾಫಿಕ್ ಮಾಹಿತಿ, ಬೇರೆ ದಾರಿಗಳ ಆಯ್ಕೆ ಅದರಲ್ಲಿ ಇರುವುದಿಲ್ಲ. ಕಾಡಿನ ರಸ್ತೆಯಲ್ಲಿ ಅವು ಅಷ್ಟೇನೂ ಬೇಕಿಲ್ಲ, ಅಲ್ವಾ?

ಮ್ಯಾಪ್ಲ್ಸ್ ಅನ್ನುವ ನಮ್ಮ ದೇಶದ ಆ್ಯಪ್ ಕೂಡ ಇದೆ, ಮ್ಯಾಪ್‌ಮೈಇಂಡಿಯಾದವರದ್ದು. ಎರಡನ್ನೂ ಫೋನಿನಲ್ಲಿ ಇಟ್ಟುಕೊಂಡು ಕೊನೆಯ ಭಾಗದ ದಾರಿಯನ್ನು ಎರಡರಲ್ಲೂ ಹೋಲಿಸಿ ನೋಡುವುದು ಒಳ್ಳೆಯದು. ಎರಡೂ ಒಂದೇ ದಾರಿ ತೋರಿಸಿದರೆ ಧೈರ್ಯ. ಬೇರೆ ಬೇರೆ ತೋರಿಸಿದರೆ ಅಲ್ಲಿ ಯಾರನ್ನಾದರೂ ಕೇಳಬೇಕು ಅಂತ ಅರ್ಥ. ಕಾರಿನಲ್ಲೇ ಕಂಪನಿಯವರು ಕೊಟ್ಟ ನ್ಯಾವಿಗೇಶನ್ ಇದ್ದರೆ, ಗಾರ್ಮಿನ್ ಥರದ ಬೇರೆ ಸಾಧನ ಇದ್ದರೆ, ಮ್ಯಾಪ್ ಅದರೊಳಗೇ ಇರುವುದರಿಂದ ನೆಟ್‌ವರ್ಕ್ ಚಿಂತೆ ಕಡಿಮೆ. ಆದರೆ ಕಾರು ಕೊಂಡ ದಿನದ ಮ್ಯಾಪೇ ಇನ್ನೂ ಕೂತಿದೆಯಾ ಅಂತ ನೋಡಿ, ಸರ್ವಿಸ್‌ಗೆ ಬಿಟ್ಟಾಗ ಅಪ್‌ಡೇಟ್ ಕೇಳಿ.

4. ಫೋನು ಎಲ್ಲಿ, ಹೇಗೆ ಇಡಬೇಕು

ಮೊದಲು ಕಾನೂನು. ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದ ಹಾಗೆ. ಕೈಯಲ್ಲಿ ಹಿಡಿದು ಮಾತಾಡುತ್ತಾ, ಟೈಪ್ ಮಾಡುತ್ತಾ ಓಡಿಸಿದರೆ ಅದು ಅಪಾಯಕಾರಿ ಚಾಲನೆ. ಕಾಯ್ದೆಯಲ್ಲಿ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ ಇದೆ.

ಹಾಗಾಗಿ ಹೋಲ್ಡರ್ ಬೇಕೇ ಬೇಕು. ತೊಡೆಯ ಮೇಲೆ, ಗೇರ್ ಪಕ್ಕದ ಕಪ್ ಇಡುವ ಜಾಗದಲ್ಲಿ ಇಟ್ಟರೆ ನೋಡಲು ಪ್ರತಿಸಲ ತಲೆ ಬಗ್ಗಿಸಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ತಲೆ ಬಗ್ಗಿಸಿದರೆ ಕಾರು 44 ಮೀಟರ್ ಮುಂದೆ ಹೋಗಿರುತ್ತದೆ. ಹೋಲ್ಡರ್ ಸ್ಟೇರಿಂಗ್‌ನ ಎಡಕ್ಕೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇರಲಿ. ಗಾಜಿನ ನಡುವೆ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದ ಮೇಲಂತೂ ಬೇಡವೇ ಬೇಡ.

ಬೇಸಿಗೆಯಲ್ಲಿ ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಒಳ್ಳೆಯದು. ನ್ಯಾವಿಗೇಶನ್ ಓಡುತ್ತಾ, ಚಾರ್ಜ್ ಆಗುತ್ತಾ, ಗಾಜಿನ ಬಿಸಿಲಿಗೆ ಕೂತ ಫೋನು ಬೇಗ ಕಾಯುತ್ತದೆ. ಕಾದರೆ ಪರದೆ ಮಂಕಾಗುತ್ತದೆ, ಕೆಲವೊಮ್ಮೆ ಚಾರ್ಜ್ ಆಗುವುದೇ ನಿಲ್ಲುತ್ತದೆ. ತಣ್ಣನೆ ಗಾಳಿ ತಗುಲಿದರೆ ಈ ಕಾಟ ಇಲ್ಲ. ಚಾರ್ಜರ್ ಕೂಡ ಪರೀಕ್ಷೆ ಮಾಡಿ: ಅರ್ಧ ಗಂಟೆ ನ್ಯಾವಿಗೇಶನ್ ಓಡಿಸಿ ನೋಡಿದಾಗ ಶೇಕಡಾವಾರು ಏರಿರಬೇಕು. ಇಳಿದಿದ್ದರೆ ಆ ಚಾರ್ಜರ್ ಸಾಲದು. ಬ್ಯಾಟರಿ ಸೇವರ್ ಆಫ್ ಇರಲಿ, ಲೊಕೇಶನ್ ಅನುಮತಿಯಲ್ಲಿ ನಿಖರ ಲೊಕೇಶನ್ ಆನ್ ಇರಲಿ.

ಬೈಕಿನ ಹ್ಯಾಂಡಲ್‌ಗೆ ಫೋನು ಕಟ್ಟುವವರು ಒಂದು ಮಾತು ಕೇಳಿ. ದೊಡ್ಡ ಎಂಜಿನ್‌ನ ನಡುಕ ಫೋನಿನ ಕ್ಯಾಮೆರಾ ಕೆಡಿಸಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ನಡುಕ ಹೀರುವ ಹೋಲ್ಡರ್ ಹಾಕಿಸಿ.

5. ಧ್ವನಿ ಸರಿಮಾಡಿಕೊಂಡು ಹೊರಡಿ

ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತದೆ. ಸೆಟ್ಟಿಂಗ್‌ನಲ್ಲಿ ನ್ಯಾವಿಗೇಶನ್‌ನ ಧ್ವನಿ ಅನ್ನುವಲ್ಲಿ ಕನ್ನಡ ಆರಿಸಿ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ನಾನು ಇದನ್ನೇ ಹೇಳುವುದು. ಸಿಗ್ನಲ್‌ನಲ್ಲಿ ನಾಲ್ಕು ಕಡೆ ಹಾರ್ನ್ ಹೊಡೆಯುತ್ತಿರುವಾಗ ‘ಎಡಕ್ಕೆ’, ‘ಬಲಕ್ಕೆ’ ಅನ್ನುವುದು ಯೋಚನೆಯಿಲ್ಲದೆ ತಲೆಗೆ ಹೋಗುತ್ತದೆ. ಹಿರಿಯರು ಗಾಡಿ ಓಡಿಸುವ ಮನೆಯಲ್ಲಂತೂ ತಪ್ಪದೇ ಹಾಕಿಕೊಡಿ.

ಬ್ಲೂಟೂತ್‌ನಲ್ಲಿ ಕಾರಿನ ಸ್ಪೀಕರ್‌ಗೆ ಜೋಡಿಸಿದ್ದರೆ ಮನೆ ಮುಂದೆಯೇ ಒಮ್ಮೆ ಧ್ವನಿ ಬರುತ್ತಾ ನೋಡಿ. ಕೆಲವು ಕಾರುಗಳಲ್ಲಿ ರೇಡಿಯೊ ಹಾಕಿದ್ದರೆ ದಾರಿಯ ಮಾತು ಕೇಳಿಸುವುದಿಲ್ಲ. ಆಗ ಬ್ಲೂಟೂತ್ ಬಿಟ್ಟು ಫೋನಿನ ಸ್ಪೀಕರಿನಲ್ಲೇ ಹೇಳಿಸಿ. ಗಾಡಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿದ್ದರೆ ಬಯಲಿಗೆ ಬಂದು ಅರ್ಧ ನಿಮಿಷ ನಿಲ್ಲಿಸಿ. ಜಿಪಿಎಸ್ ಉಪಗ್ರಹ ತಾನಿರುವ ಜಾಗದ ವಿವರವನ್ನು ಪ್ರತಿ 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಫೋನು ಇಂಟರ್ನೆಟ್‌ನಿಂದ ಆ ವಿವರ ಬೇಗ ಪಡೆದುಕೊಳ್ಳಬಹುದು, ಆದರೂ ಬೇಸ್‌ಮೆಂಟಿನೊಳಗೆ ಕೂತು ಒತ್ತಾಡಿದರೆ ಪ್ರಯೋಜನವಿಲ್ಲ.

ಹೊರಟ ಮೇಲೆ ಫೋನು ಮುಟ್ಟುವ ಕೆಲಸ ಪಕ್ಕದಲ್ಲಿ ಕೂತವರದ್ದು. ಒಬ್ಬರೇ ಇದ್ದರೆ ನಿಲ್ಲಿಸಿ ಮುಟ್ಟಿ.

6. ಓಡಿಸುವಾಗ ಚುಕ್ಕೆ ಎಲ್ಲಿ ತಪ್ಪುತ್ತದೆ

ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್‌ವರೆಗೆ ಆಚೀಚೆ ಆಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಇನ್ನೂ ಜಾಸ್ತಿ. ಆದರೂ ಪರದೆಯಲ್ಲಿ ನಿಮ್ಮ ಕಾರು ರಸ್ತೆಯ ನಟ್ಟನಡುವೆಯೇ ಕಾಣುತ್ತದೆ. ಯಾಕೆಂದರೆ ಆ್ಯಪ್ ಚುಕ್ಕೆಯನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ಹತ್ತಿರದಲ್ಲಿ ಒಂದೇ ರಸ್ತೆ ಇದ್ದರೆ ತೊಂದರೆಯಿಲ್ಲ. ಎರಡು ಇದ್ದರೆ ತಪ್ಪಾಗಬಹುದು.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮುಖ್ಯ ರಸ್ತೆ, ಸರ್ವಿಸ್ ರಸ್ತೆ ಅಕ್ಕಪಕ್ಕ ಓಡುತ್ತವೆ. ನೀವು ಯಾವುದರಲ್ಲಿದ್ದೀರಿ ಅನ್ನುವುದು ಫೋನಿಗೆ ಸ್ಪಷ್ಟವಾಗುವುದಿಲ್ಲ. ‘200 ಮೀಟರ್‌ನಲ್ಲಿ ಎಡಕ್ಕೆ’ ಅನ್ನುತ್ತದೆ, ನೋಡಿದರೆ ಎಡಕ್ಕೆ ಬೇಲಿ. ಫ್ಲೈಓವರ್‌ನ ಸಮಸ್ಯೆಯೂ ಇದೇ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ ಎತ್ತರದ ಲೆಕ್ಕದಲ್ಲಿ ತಪ್ಪು ಹೆಚ್ಚು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಮೇಲೆ ಮೆಟ್ರೊ, ನಡುವೆ ಫ್ಲೈಓವರ್, ಕೆಳಗೆ ರಸ್ತೆ. ಇಂಥ ಕಡೆ ಮೇಲೆ ಹತ್ತಬೇಕೋ ಕೆಳಗೆ ಹೋಗಬೇಕೋ ಅನ್ನುವುದನ್ನು ಅರ್ಧ ಕಿಲೋಮೀಟರ್ ಮೊದಲೇ ನಿರ್ಧರಿಸಿ, ರಸ್ತೆಯ ಬೋರ್ಡ್ ನೋಡಿ ಲೇನ್ ಹಿಡಿಯಿರಿ. ಬೋರ್ಡ್ ಮತ್ತು ಫೋನು ಬೇರೆ ಬೇರೆ ಹೇಳಿದರೆ ಬೋರ್ಡನ್ನು ನಂಬಿ.

ತಿರುವು ತಪ್ಪಿತಾ? ತಪ್ಪಲಿ. ಹೆದ್ದಾರಿಯಲ್ಲಿ ಬ್ರೇಕ್ ಹೊಡೆದು ರಿವರ್ಸ್ ತೆಗೆಯುವುದು, ಡಿವೈಡರ್ ಸಂದಿಯಲ್ಲಿ ನುಗ್ಗಿಸುವುದು, ಎದುರು ದಿಕ್ಕಿನಲ್ಲಿ ನೂರು ಮೀಟರ್ ಬರುವುದು ಪ್ರಾಣ ತೆಗೆಯುವ ಕೆಲಸ. ಮುಂದಿನ ಜಾಗದಲ್ಲಿ ತಿರುಗಿಸಿಕೊಂಡರೆ ಹತ್ತು ನಿಮಿಷ ಹೋಗುತ್ತದೆ, ಅಷ್ಟೆ.

ತಲುಪುವ ಸಮಯದ ಬಗ್ಗೆ ಒಂದೇ ಮಾತು: ಘಾಟಿಯಲ್ಲಿ, ಮಳೆಯಲ್ಲಿ, ಮಂಜಿನಲ್ಲಿ ಅದನ್ನು ಮರೆತುಬಿಡಿ.

7. ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಫೋನು ಬಂದ ಮೇಲೆ ಜನ ಕೇಳುವುದನ್ನೇ ಬಿಟ್ಟಿದ್ದಾರೆ, ಅದು ನನಗೆ ಬೇಸರದ ವಿಷಯ. ದೊಡ್ಡ ರಸ್ತೆ ಬಿಟ್ಟು ಸಣ್ಣ ರಸ್ತೆಗೆ ಇಳಿಯುವ ಜಾಗದಲ್ಲಿ ಒಂದು ಸಲ ನಿಲ್ಲಿಸಿ. ಕೊಟ್ಟಿಗೆಹಾರದಲ್ಲಿ ಹೇಗೂ ನೀರುದೋಸೆಗೆ ನಿಲ್ಲಿಸುತ್ತೀರಿ, ಅಲ್ಲೇ ಕೇಳಿ.

‘ಈ ರಸ್ತೆ ಕಳಸಕ್ಕೆ ಹೋಗುತ್ತಾ?’ ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. ಕಾಲುದಾರಿಯೂ ಕಳಸಕ್ಕೆ ಹೋಗುತ್ತದೆ. ಹೀಗೆ ಕೇಳಿ: ‘ಅಣ್ಣಾ, ಇದ್ರಲ್ಲಿ ಬಸ್ ಓಡಾಡುತ್ತಾ? ಮಳೆಗೆ ಎಲ್ಲಾದ್ರೂ ಮರ ಬಿದ್ದಿದೆಯಾ? ಈ ಹೊತ್ತಲ್ಲಿ ಹೋಗಬಹುದಾ?’ ಬಸ್ ಓಡಾಡುವ ರಸ್ತೆಯಲ್ಲಿ ನಿಮ್ಮ ಕಾರು ಹೋಗುತ್ತದೆ. ಬಸ್ ಇಲ್ಲ, ಜೀಪು ಮಾತ್ರ ಅಂದರೆ ಉದ್ದದ ದಾರಿಯೇ ಆಗಲಿ. ಬಸ್ ಡ್ರೈವರ್, ಆಟೊದವರು, ಪೆಟ್ರೋಲ್ ಬಂಕಿನವರು, ಟೀ ಅಂಗಡಿಯವರು ಇದಕ್ಕೆ ಸರಿಯಾದ ಜನ. ಅವರು ಆ ರಸ್ತೆಯನ್ನು ಇವತ್ತು ಬೆಳಗ್ಗೆ ನೋಡಿರುತ್ತಾರೆ.

ಕತ್ತಲಾದ ಮೇಲೆ ಡಾಂಬರು ಮುಗಿದು ಮಣ್ಣಿನ ರಸ್ತೆ ಶುರುವಾಯಿತು, ಎದುರಿನಿಂದ ಗಾಡಿ ಬರುತ್ತಿಲ್ಲ, ಮನೆಗಳ ದೀಪ ಕಾಣುತ್ತಿಲ್ಲ ಅಂದರೆ ಮುಂದೆ ಹೋಗಬೇಡಿ. ಮ್ಯಾಪ್ ‘ಇನ್ನು 6 ಕಿ.ಮೀ.’ ಅನ್ನುತ್ತಿದ್ದರೂ ಬೇಡ. ಬಂದ ದಾರಿ ಹೇಗಿದೆ ಅಂತ ನಿಮಗೆ ಗೊತ್ತಿದೆ, ಅದರಲ್ಲೇ ವಾಪಸ್ ಹೋಗಿ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ, ಎಷ್ಟೇ ಕಡಿಮೆ ಕಂಡರೂ, ಇಳಿಸಬೇಡಿ. 2023ರ ಅಕ್ಟೋಬರ್‌ನಲ್ಲಿ ಕೊಚ್ಚಿ ಹತ್ತಿರ ಇಬ್ಬರು ಯುವ ವೈದ್ಯರು ಸತ್ತದ್ದು ಮಳೆಯ ರಾತ್ರಿಯಲ್ಲಿ ಹೀಗೆಯೇ. ಕಾರು ನೇರ ಹೊಳೆಗೆ ಇಳಿದಿತ್ತು.

8. ಸಿಕ್ಕಿಕೊಂಡರೆ

ಹೊರಡುವಾಗಲೇ ಮನೆಯ ಒಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ 8 ಗಂಟೆಯ ಲೈವ್ ಲೊಕೇಶನ್ ಹಾಕಿಡಿ. ನೆಟ್‌ವರ್ಕ್ ಹೋದರೂ ಕೊನೆಗೆ ಎಲ್ಲಿದ್ದಿರಿ ಅನ್ನುವುದು ಅವರ ಹತ್ತಿರ ಉಳಿಯುತ್ತದೆ.

ಗಾಡಿ ಕೆಟ್ಟರೆ, ಹೂತರೆ ಮೊದಲು ನಿಮ್ಮ ಜಾಗದ ಸಂಖ್ಯೆ ಬರೆದುಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಇದು ಸಿಗುತ್ತದೆ, ಉಪಗ್ರಹ ಕಾಣುತ್ತಿದ್ದರೆ ಸಾಕು. ಮ್ಯಾಪ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಐಫೋನ್‌ನಲ್ಲಿ ದಿಕ್ಸೂಚಿ ಆ್ಯಪ್ ತೆರೆದರೂ ಕಾಣುತ್ತದೆ. ಆಮೇಲೆ 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಮೂಲಕ ಹೋಗಬಹುದು. ಆ ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿ. ಜೊತೆಗೆ ಕೊನೆಯದಾಗಿ ದಾಟಿದ ಊರು, ದೇವಸ್ಥಾನ, ಸೇತುವೆ, ಕಿಲೋಮೀಟರ್ ಕಲ್ಲು ಏನಿದೆಯೋ ಅದನ್ನೂ ಹೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033 ಸಹಾಯವಾಣಿ ಇದೆ. ಕಾಡಿನೊಳಗಾದರೆ ರಾತ್ರಿ ಕಾರಿನಿಂದ ಇಳಿದು ಅಲೆಯಬೇಡಿ.

9. ತಲುಪಿದ ಮೇಲೆ

ಗೇಟಿನ ಮುಂದೆ ನಿಂತು ಆ ಜಾಗವನ್ನು ಸೇವ್ ಮಾಡಿ, ‘ಚಿಕ್ಕಪ್ಪನ ತೋಟ, ಗೇಟ್’ ಅಂತ ಹೆಸರಿಡಿ. ವಾಪಸ್ ಬರುವ ದಾರಿ ಅಲ್ಲಿನ ವೈಫೈ ಇರುವಾಗಲೇ ಹಾಕಿಟ್ಟುಕೊಳ್ಳಿ. ಬಾಡಿಗೆ ಕಾರಾದರೆ ಕೊಡುವ ಮೊದಲು ಅದರ ಪರದೆಯಿಂದ ನಿಮ್ಮ ಫೋನಿನ ಹೆಸರು, ಮನೆ ವಿಳಾಸ ಅಳಿಸಿ.

ಮ್ಯಾಪ್‌ನಲ್ಲಿದ್ದ ರಸ್ತೆ ನಿಜದಲ್ಲಿ ಇರಲಿಲ್ಲವೇ? ಸೇತುವೆ ಮುರಿದಿತ್ತೇ? ಗೂಗಲ್ ಮ್ಯಾಪ್ಸ್‌ನಲ್ಲಿ ಆ ರಸ್ತೆ ಆರಿಸಿ ‘ಮುಚ್ಚಿದೆ’ ಅಥವಾ ‘ತಪ್ಪಾಗಿದೆ’ ಅಂತ ವರದಿ ಮಾಡುವ ಸೌಲಭ್ಯ ಇದೆ. ಫೋಟೊ ಇದ್ದರೆ ಅದನ್ನೂ ಹಾಕಿ. ಗ್ರಾಮ ಪಂಚಾಯಿತಿಯವರಿಗೂ ತಿಳಿಸಿ, ರಸ್ತೆಗೆ ಅಡ್ಡ ಕಲ್ಲು, ಬೋರ್ಡ್ ಇಡಲು ಹೇಳಿ. ಮ್ಯಾಪ್ ಬದಲಾಗಲು ದಿನ ಹಿಡಿಯಬಹುದು, ಬೋರ್ಡ್ ಅವತ್ತೇ ಸಂಜೆ ಇಡಬಹುದು.